ತುಮಕೂರಿನ ಹೆವಿ ಡ್ರೈವಿಂಗ್ ಸ್ಕೂಲು: ಲಾರಿ ಕಲಿಯಬೇಕೆನ್ನುವ ಹೆಂಗಸರು ಓದಲಿ

ಇಲ್ಲಿ ಸ್ಟೇರಿಂಗ್ ನಿಜವಾಗಿಯೂ ನಮ್ಮ ಕೈಗೆ ಕೊಡುತ್ತಾರೆ. ತುಮಕೂರಿನ ರಿಂಗ್ ರಸ್ತೆ ಕಡೆ ಇರುವ ಈ ಸ್ಕೂಲಿನ ಬಗ್ಗೆ ಮೊದಲು ಹೇಳಬೇಕಾದದ್ದು ಅದೇ. ಬೇರೆ ಕಡೆ ವಿಚಾರಿಸಿದಾಗ "ದುಡ್ಡು ಕಟ್ಟಿ ಮೇಡಂ, ಟೆಸ್ಟ್ ದಿನ ಬಂದ್ರೆ ಸಾಕು" ಅಂದವರೂ ಇದ್ದರು. ಹಾಗೆ ಮಾಡಿದರೆ ಲೈಸೆನ್ಸ್ ಸಿಗಬಹುದು. ಕ್ಯಾತ್ಸಂದ್ರದ ಹತ್ತಿರ ಹೈವೇಗೆ ಲಾರಿ ಹತ್ತಿಸುವಾಗ ಏನು ಮಾಡುವುದು?

ನಾನು ಗುಬ್ಬಿ ತಾಲ್ಲೂಕಿನವಳು. ಪಿಕಪ್ ಓಡಿಸುತ್ತೇನೆ. ತೋಟಗಳಿಂದ ತೆಂಗಿನಕಾಯಿ, ತಿಪಟೂರಿಗೆ ಕೊಬ್ಬರಿ, ಅಂತರಸನಹಳ್ಳಿ ಮಾರ್ಕೆಟ್ಟಿಗೆ ತರಕಾರಿ. ಇದಕ್ಕೆ ಕಾರಿನ ಲೈಸೆನ್ಸೇ ಸಾಕು. ಗಾಡಿ, ಲೋಡು ಸೇರಿ ಒಟ್ಟು ತೂಕ 7,500 ಕೆ.ಜಿ. ಮೀರದ ಗೂಡ್ಸ್ ಗಾಡಿಗೆ ಬೇರೆ ಬ್ಯಾಡ್ಜ್ (ಬಾಡಿಗೆ ಗಾಡಿ ಓಡಿಸಲು ಲೈಸೆನ್ಸಿನಲ್ಲಿ ಹಾಕಿಸುವ ಅನುಮತಿ) ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಮತ್ತೊಮ್ಮೆ ಹೇಳಿದೆ. ಕಾರು ಓಡಿಸಲು ಬರುವ ಎಷ್ಟೋ ಹೆಣ್ಣುಮಕ್ಕಳಿಗೆ ಇದು ಗೊತ್ತೇ ಇಲ್ಲ. ಗೊತ್ತಾಗಲಿ ಅಂತಲೇ ಬರೆಯುತ್ತಿದ್ದೇನೆ. ಆದರೆ ಪಿಕಪ್ ಬಾಡಿಗೆಗೆ ಒಂದು ಮಿತಿ ಇದೆ. ವಸಂತನರಸಾಪುರದ ಫ್ಯಾಕ್ಟರಿಗಳಿಂದ ಹೊರಡುವ ದೊಡ್ಡ ಲೋಡುಗಳು ಲಾರಿಗೇ ಹೋಗುತ್ತವೆ. ಆ ಕೆಲಸ ನನಗೆ ಬೇಕು. ಅದಕ್ಕೇ ಇಲ್ಲಿ ಸೇರಿದೆ.

ಹೆವಿಗೆ ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಮಾಡಿಸಲು ಕಾರಿನ ಲೈಸೆನ್ಸ್ ಬಂದು ಒಂದು ವರ್ಷವಾದರೂ ಆಗಿರಬೇಕು, ವಯಸ್ಸು 20 ತುಂಬಿರಬೇಕು. ತರಬೇತಿ ಕನಿಷ್ಠ 30 ದಿನ, ಅದರಲ್ಲಿ ನಾವೇ ಓಡಿಸುವುದು ಕನಿಷ್ಠ 15 ಗಂಟೆ ಎಂದು ಮೋಟಾರು ವಾಹನ ನಿಯಮದಲ್ಲೇ ಇದೆ. ಈ 15 ಗಂಟೆಯ ಮಾತನ್ನು ಯಾವ ಸ್ಕೂಲಿಗೆ ಹೋದರೂ ಮೊದಲು ಕೇಳಿ. ಇಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಯಾರು ಎಷ್ಟು ಹೊತ್ತು ಓಡಿಸಿದರು ಅಂತ ದಿನಾ ಬರೆದು, ಪಕ್ಕದಲ್ಲಿ ನಮ್ಮಿಂದ ಸೈನ್ ಹಾಕಿಸುತ್ತಾರೆ. ಮಳೆ ಬಂದು ಕ್ಲಾಸು ನಿಂತರೆ ಆ ಹೊತ್ತನ್ನು ಮುಂದೆ ತುಂಬಿಕೊಡುತ್ತಾರೆ.

ಮೇಷ್ಟ್ರು ಹಳೇ ಲಾರಿ ಡ್ರೈವರ್. ಬೈಯುವುದಿಲ್ಲ, ಹಾಗಂತ ಬಿಟ್ಟುಕೊಡುವುದೂ ಇಲ್ಲ. ಟೈರು, ವೀಲ್ ನಟ್ಟು, ಆಯಿಲ್, ನೀರು ನೋಡದೆ ಕ್ಯಾಬಿನ್ ಹತ್ತಿದರೆ ಕೆಳಗಿಳಿಸುತ್ತಾರೆ. ಸ್ಟಾರ್ಟ್ ಮಾಡಿದ ಮೇಲೂ ತಕ್ಷಣ ಹೊರಡುವಂತಿಲ್ಲ. "ಏರ್ ತುಂಬ್ಲಿ ತಾಯಿ, ಕಾಯಿ" ಅನ್ನುತ್ತಾರೆ. ಲಾರಿಯದು ಗಾಳಿ ಬ್ರೇಕು. ಟ್ಯಾಂಕಿನಲ್ಲಿ ಒತ್ತಡ ಸಾಲದಿದ್ದರೆ ಹ್ಯಾಂಡ್‌ಬ್ರೇಕ್ ಬಿಡುವುದೇ ಇಲ್ಲ. ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಹೋದರೆ ಡ್ರಮ್ ಕಾದು ಹಿಡಿತ ತಪ್ಪುತ್ತದೆ. ಅದಕ್ಕೆ ಇಳಿಯುವ ಮುಂಚೆಯೇ ಗೇರ್ ಕಡಿಮೆ ಮಾಡಿ, ಎಂಜಿನ್ನಿನಿಂದಲೇ ಗಾಡಿಯನ್ನು ತಡೆಯಬೇಕು. ಮಂಗಳೂರು ಲೋಡ್ ಹಿಡಿದು ಶಿರಾಡಿ ಘಾಟಿ ಇಳಿಯುವವರಿಗೆ ಇದು ಪ್ರಾಣದ ವಿಷಯ.

ನನಗೆ ತುಂಬಾ ಇಷ್ಟವಾದ ಪಾಠ ಬೇರೆ. ಲಾರಿಯನ್ನು ಗ್ರೌಂಡಿನಲ್ಲಿ ನಿಲ್ಲಿಸಿ, ಒಬ್ಬರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದರು. ಉಳಿದವರಿಗೆ ಲಾರಿ ಸುತ್ತ ನಿಧಾನಕ್ಕೆ ನಡೆಯಲು ಹೇಳಿದರು. ಎಡಗಡೆ ಬಾಗಿಲ ಹತ್ತಿರ ಬಂದಾಗ ನಡೆಯುತ್ತಿದ್ದವರು ಪೂರ್ತಿ ಮಾಯ! ಕನ್ನಡಿಯಲ್ಲೂ ಇಲ್ಲ, ಕಿಟಕಿಯಲ್ಲೂ ಇಲ್ಲ. ಬಂಪರಿನ ಮುಂದೆ ಕೂತವರೂ ಕಾಣಲಿಲ್ಲ. ಎಡಕ್ಕೆ ತಿರುಗುವ ಲಾರಿಯ ಪಕ್ಕ ಬೈಕ್ ತೂರಿಸುವವರು ಎಂಥ ಜಾಗದಲ್ಲಿ ಇರುತ್ತಾರೆ ಅಂತ ಅವತ್ತು ಮನಸ್ಸಿಗೆ ನಾಟಿತು. ಮನೆಗೆ ಬಂದು ನನ್ನ ತಮ್ಮನಿಗೂ ಹೇಳಿದೆ.

ಲಾರಿ ಓಡಿಸಲು ಗಂಡಸಿನ ಬಲ ಬೇಕು ಅನ್ನುತ್ತಾರಲ್ಲ, ಅದು ಸುಮ್ನೆ ಮಾತು. ಪವರ್ ಸ್ಟೇರಿಂಗ್ ಬೆರಳಲ್ಲೇ ತಿರುಗುತ್ತದೆ. ನಿಜವಾದ ತೊಂದರೆ ಸೀಟಿನದು. ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಚಿರಬೇಕು. ಇವರ ಹಳೇ ಲಾರಿಯ ಸೀಟು ಅಷ್ಟು ಮುಂದಕ್ಕೆ ಬರುವುದಿಲ್ಲ. ಬೆನ್ನಿಗೆ ದಿಂಬು ಇಟ್ಟುಕೊಳ್ಳಬೇಕು. ಎತ್ತರ ಕಡಿಮೆ ಇರುವವರು ಸೇರುವ ಮೊದಲು ಒಮ್ಮೆ ಹತ್ತಿ ಕೂತು ನೋಡಿ.

ಬೇಜಾರಾದದ್ದೂ ಇದೆ. ಸೇರಲು ಹೋದ ದಿನ ಆಫೀಸಿನಲ್ಲಿ "ಮನೇಲಿ ಒಪ್ಪಿದ್ದಾರಾಮ್ಮ?" ಅಂತ ಕೇಳಿದರು. ನನ್ನ ಹಿಂದೆ ನಿಂತಿದ್ದ ಹುಡುಗನಿಗೆ ಆ ಪ್ರಶ್ನೆ ಬರಲಿಲ್ಲ. ಅದು ನನಗೆ ನೋವಾಯಿತು, ಹೇಳಿಯೂ ಬಂದೆ. ಗ್ರೌಂಡಿನಲ್ಲಿ ಶೌಚಾಲಯ ಇಲ್ಲ. ಆಫೀಸಿನ ಹಿಂದೆ ಒಂದಿದೆ, ಕೇಳಿದರೆ ಬೀಗದ ಕೈ ಕೊಡುತ್ತಾರೆ, ಆದರೆ ಅಷ್ಟು ದೂರ ನಡೆಯಬೇಕು. ಬೆಳಗ್ಗೆ ಬೇಗ ಹಳ್ಳಿಯಿಂದ ಬಸ್ ಹಿಡಿದು ಬರುವ ಹೆಂಗಸಿಗೆ ಇದು ಸಣ್ಣ ವಿಷಯ ಅಲ್ಲ.

ಹೆಂಗಸರು ಹೆವಿ ಓಡಿಸ್ತಾರಾ ಅಂತ ಇನ್ನೂ ಕೇಳುತ್ತಾರೆ. ಕನ್ಯಾಕುಮಾರಿ ಕಡೆಯ ವಸಂತಕುಮಾರಿ ತಮಿಳುನಾಡಿನ ಸರ್ಕಾರಿ ಬಸ್ಸಿಗೆ ಡ್ರೈವರ್ ಆದದ್ದು 1993ರಲ್ಲಿ. ಭೋಪಾಲ್‌ನ ಯೋಗಿತಾ ರಘುವಂಶಿ ಕಾನೂನು ಓದಿದವರು, ಗಂಡ ತೀರಿಕೊಂಡ ಮೇಲೆ ಲಾರಿ ಓಡಿಸಿಯೇ ಮಕ್ಕಳನ್ನು ಸಾಕಿದರು. ಕೆಲಸ ಕೇಳಲು ಹೋದರೆ ಲಾರಿ ಮಾಲೀಕರು ಬೇರೆ ಪ್ರಶ್ನೆ ಕೇಳುತ್ತಾರೆ. "ರಾತ್ರಿ ಎಲ್ಲಿ ಮಲಗ್ತೀಯಮ್ಮ?" ಅದು ನ್ಯಾಯವಾದ ಪ್ರಶ್ನೆಯೇ. ಉತ್ತರ ಕೊಡಬೇಕಾದದ್ದು ನಾನೊಬ್ಬಳೇ ಅಲ್ಲ, ಹೈವೇ ಮಾಡಿದವರೂ ಕೊಡಬೇಕು ಅಲ್ವಾ? ಸದ್ಯಕ್ಕೆ ನನ್ನ ಯೋಚನೆ ಬೆಂಗಳೂರಿಗೆ ಹೋಗಿ ಅದೇ ದಿನ ವಾಪಸ್ ಬರುವ ಲೋಡುಗಳದ್ದು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳಲ್ಲಿ ಡ್ರೈವರ್ ಕ್ಯಾಬಿನ್‌ಗೆ ಎಸಿ ಕಡ್ಡಾಯ ಮಾಡಿದ್ದಾರೆ. ಬೇಸಿಗೆಯಲ್ಲಿ ಶಿರಾ ಕಡೆಯ ಬಿಸಿಲು ನೋಡಿದವರಿಗೆ ಅದರ ಬೆಲೆ ಗೊತ್ತು.

ಒಟ್ಟಿನಲ್ಲಿ ಸೇರಿ ಅಂತಲೇ ಹೇಳುತ್ತೇನೆ. ಫೀಸು ಎರಡು ಕಂತಿನಲ್ಲಿ ಕಟ್ಟಬಹುದು. ಬೆಳಗಿನ ಬ್ಯಾಚೇ ಕೇಳಿ, ರಸ್ತೆ ಖಾಲಿ ಇರುತ್ತದೆ, ಓಡಿಸಲು ಹೊತ್ತು ಜಾಸ್ತಿ ಸಿಗುತ್ತದೆ. ಒಂದು ದೊಡ್ಡ ಕೊರತೆ ಉಳಿದಿದೆ: ಕಲಿಸುವುದೆಲ್ಲ ಖಾಲಿ ಲಾರಿಯಲ್ಲಿ, ಹಗಲು ಹೊತ್ತಿನಲ್ಲಿ. ಲೋಡ್ ಇದ್ದಾಗ ಗಾಡಿ ನಿಲ್ಲುವ ದೂರವೇ ಬೇರೆ, ರಾತ್ರಿ ಎದುರಿನ ಲೈಟು ಕಣ್ಣಿಗೆ ಹೊಡೆಯುವುದೇ ಬೇರೆ. ಮರಳಿನ ಮೂಟೆ ಹೇರಿಕೊಂಡು ಶಿರಾವರೆಗೆ ಒಂದು ರಾತ್ರಿ ಕ್ಲಾಸು ಇಡಿ ಅಂತ ಮೇಷ್ಟ್ರಿಗೆ ಹೇಳಿದ್ದೇನೆ. ಅದಕ್ಕೆ ಫೀಸು ಬೇರೆ ಕೇಳಿದರೂ ಕೊಡುತ್ತೇನೆ.