ಮೊದಲು ‘ಮಿನಾಳ ಅಂಗಡಿ’, ಆಮೇಲೆ ಅಡಿಕೆ: ಜಪಾನಿ ಕಾವ್ಯನಾಮ ಮಾಡಿಸಿಕೊಂಡ ಕಥೆ

ಕಾಂಜಿ ಅಕ್ಷರದಲ್ಲಿ ಹೆಸರು ಆರಿಸಿ ಸೀಲು ಕೆತ್ತಿಕೊಡುವ ಎರಡು ಕಡೆ ನಾನು ದುಡ್ಡು ಕೊಟ್ಟಿದ್ದೇನೆ. ಕಾಂಜಿ ಅಂದರೆ ಜಪಾನಿಯಲ್ಲಿ ಬಳಸುವ ಚೀನೀ ಮೂಲದ ಅಕ್ಷರ, ಒಂದೊಂದಕ್ಕೂ ಅರ್ಥ ಇರುತ್ತದೆ. ಒಂದು ಆನ್‌ಲೈನ್ ಸೇವೆ. ಇನ್ನೊಂದು ಟೋಕಿಯೊದಲ್ಲಿ ನಮ್ಮ ಸ್ಟೇಷನ್ ಪಕ್ಕದ ಗಲ್ಲಿಯ ಹಳೇ ಹಾಂಕೊ ಅಂಗಡಿ. ಹಾಂಕೊ ಅಂದರೆ ಹೆಸರಿನ ಸೀಲು. ಮೊದಲನೆಯದರ ಹೆಸರು ಹೇಳುವುದಿಲ್ಲ, ಜಗಳ ಬೇಡ. ಎರಡನೆಯದೂ ಹೇಳುವುದಿಲ್ಲ, ಅಲ್ಲಿ ಅಜ್ಜ ಒಬ್ಬರೇ ಕೆತ್ತುವುದು, ಈಗಲೇ ಮೂರು ವಾರ ಕಾಯಿಸುತ್ತಾರೆ.

ನಾನಿರುವುದು ಟೋಕಿಯೊದ ನಿಶಿ ಕಸಾಯಿಯಲ್ಲಿ. ಭಾರತೀಯರು ಜಾಸ್ತಿ ಇರುವ ಜಾಗ, ತೊಗರಿಬೇಳೆಗೂ ಪರದಾಡಬೇಕಿಲ್ಲ. ಕಳೆದ ವರ್ಷ ಇಲ್ಲೊಂದು ಕುಕಾಯಿ ಸೇರಿದೆ. ಹೈಕು, ಅಂದರೆ ಜಪಾನಿನ ಪುಟ್ಟ ಪದ್ಯ, ಬರೆಯುವವರು ಕೂತು ಪರಸ್ಪರ ಪದ್ಯ ಆರಿಸುವ ಕೂಟ ಅದು. ಪದ್ಯ ಕೊಡುವಾಗ ಹೆಸರು ಹಾಕುವಂತಿಲ್ಲ. ಎಲ್ಲರೂ ಆರಿಸಿ ಆದಮೇಲೆ ಒಂದೊಂದಾಗಿ ಓದುತ್ತಾರೆ, ನಿಮ್ಮ ಪದ್ಯ ಬಂದರೆ ಆಗ ನೀವೇ ಜೋರಾಗಿ ನಿಮ್ಮ ಹೆಸರು ಹೇಳಬೇಕು. ಮನೆತನದ ಹೆಸರಲ್ಲ, ಹೈಗೋ, ಅಂದರೆ ಹೈಕುವಿಗೆಂದೇ ಇಟ್ಟುಕೊಂಡ ಹೆಸರು. ನಮ್ಮಲ್ಲಿ ಕುವೆಂಪು, ಅಂಬಿಕಾತನಯದತ್ತ ಇದ್ದ ಹಾಗೆ ಅಂದುಕೊಳ್ಳಿ. ಹೆಸರಾಂತ ಹೈಕು ಕವಿಗಳಾದ ಬಾಶೋ, ಇಸ್ಸಾ, ಶಿಕಿ, ಎಲ್ಲರನ್ನೂ ಇಂದಿಗೂ ಹೈಗೋದಿಂದಲೇ ಕರೆಯುವುದು. ಇಸ್ಸಾ ಅಂದರೆ ಒಂದು ಚಹಾ, ಅಷ್ಟೇ.

ನನಗೂ ಒಂದು ಬೇಕಾಯಿತು. ಸೋಮಾರಿತನಕ್ಕೆ ಆನ್‌ಲೈನ್‌ನಲ್ಲಿ 7,000 ಯೆನ್ ಕೊಟ್ಟೆ. ಫಾರ್ಮಿನಲ್ಲಿ ಹೆಸರು ಬರೆಯಿರಿ, ‘ಭಾವ’ ಆರಿಸಿ ಅಂತ ಇತ್ತು. ಶಕ್ತಿ, ಸೌಂದರ್ಯ, ಶಾಂತಿ, ಮೂರೇ. ನಾನು ಸೌಂದರ್ಯ ಒತ್ತಿದೆ, ಬುದ್ಧಿ ಇರಲಿಲ್ಲ. ನನ್ನ ಹೆಸರು ವಿನಯ. ಜಪಾನಿಯಲ್ಲಿ ‘ವಿ’ ಸದ್ದು ಇಲ್ಲದ್ದರಿಂದ ಅದು ಬಿ-ನ-ಯ ಆಯಿತು, ಮೂರು ಸದ್ದಿಗೆ ಮೂರು ಕಾಂಜಿ ಜೋಡಿಸಿದರು. ಹೀಗೆ ಸದ್ದಿಗೆ ಅಕ್ಷರ ಹೊಂದಿಸುವುದಕ್ಕೆ ಅತೆಜಿ ಅನ್ನುತ್ತಾರೆ. ಸೀಲಿನ ಜೊತೆ ಚಂದದ ಪ್ರಮಾಣಪತ್ರವೂ ಬಂತು: ‘ಸೌಂದರ್ಯ, ನಾರಾ ನಗರದ ಅಕ್ಷರ, ಮನೆ’. ಫ್ರೇಮ್ ಹಾಕಿಸುವವನಿದ್ದೆ.

ಕೂಟದಲ್ಲಿ ತೋರಿಸಿದರೆ ಯಾರೂ ಬಿನಯ ಅಂತ ಓದಲೇ ಇಲ್ಲ. ಎಲ್ಲರೂ ‘ಮಿನಾಯಾ’ ಅಂದರು. ಆಗಿದ್ದಿಷ್ಟು. ಒಂದೊಂದು ಕಾಂಜಿಗೂ ಎರಡು ಮೂರು ಓದು ಇರುತ್ತದೆ. ಆ ಮೊದಲಿನದನ್ನು ‘ಬಿ’ ಅಂತ ಓದಬಹುದು ನಿಜ, ಆದರೆ ಹೆಸರಿನಲ್ಲಿ ಬಂದರೆ ಜನ ‘ಮಿ’ ಅಂತಲೇ ಓದುವುದು ಜಾಸ್ತಿ. ಮುಂದಿನದರ ಜೊತೆ ಸೇರಿದರೆ ಮಿನಾ, ಹೆಣ್ಣುಮಕ್ಕಳ ಹೆಸರು. ಕೊನೆಯ ‘ಯಾ’ಗೆ ಮನೆ ಅಂತ ಅರ್ಥ ಇದೆ, ಸುಳ್ಳಲ್ಲ, ಆದರೆ ಅದು ಪದದ ಬಾಲಕ್ಕೆ ಬಂದರೆ ಅಂಗಡಿ. ಪಾನ್‌ಯಾ ಬೇಕರಿ, ಹಾನಾಯಾ ಹೂವಿನಂಗಡಿ. ಅಲ್ಲಿಗೆ ನಾನು ‘ಮಿನಾಳ ಅಂಗಡಿ’. ಒಬ್ಬರು ಪಾಪ ತುಂಬ ಮರ್ಯಾದೆಯಿಂದ, ನಿಮ್ಮ ಅಂಗಡಿಯಲ್ಲಿ ಏನು ಸಿಗುತ್ತದೆ ಅಂತ ಕೇಳಿದರು.

ದೂರು ಬರೆದೆ. ಕೆತ್ತಿದ ಮೇಲೆ ಬದಲಾವಣೆ ಇಲ್ಲ ಅಂತ ಉತ್ತರ ಬಂತು. ಕೆತ್ತುವ ಮುಂಚೆ ನನಗೆ ತೋರಿಸಿದ್ದರಲ್ವಾ ಕೇಳುವುದು?

ಅತೆಜಿಯೇ ಕೆಟ್ಟದ್ದು ಅಂತ ಅಲ್ಲ. ನಾನಿರುವ ವಾರ್ಡಿನ ಹೆಸರು ಎದೊಗಾವಾ, ಅದೇ ಹೆಸರಿಟ್ಟುಕೊಂಡ ಪತ್ತೇದಾರಿ ಲೇಖಕ ಎದೊಗಾವಾ ರಾಂಪೊ ಇದ್ದರು. ನಿಜವಾದ ಹೆಸರು ಹಿರಾಯಿ ತಾರೊ. ಎದೊಗಾವಾ ರಾಂಪೊ ಅಂತ ಬೇಗ ಬೇಗ ಹೇಳಿ ನೋಡಿ, ಅಮೆರಿಕದ ಲೇಖಕ ಎಡ್ಗರ್ ಅಲನ್ ಪೋ ಹೆಸರು ಕೇಳಿಸುತ್ತದೆ. ಅಕ್ಷರ ನೋಡಿದರೆ ಎದೊ ನದಿ, ದಿಕ್ಕು ತಪ್ಪಿದ ನಡಿಗೆ. ಸದ್ದೂ ಕೂತಿತು, ಅರ್ಥವೂ ಕೂತಿತು. ಅಂಥದ್ದು ಫಾರ್ಮ್ ತುಂಬಿದರೆ ಬರುವುದಿಲ್ಲ.

ಕೂಟದ ಸೆನ್ಸೇಯಿ, ಅಂದರೆ ಗುರುಗಳೇ, ಈ ಅಜ್ಜನ ಅಂಗಡಿ ತೋರಿಸಿದ್ದು. ಒಳಗೆ ಇಬ್ಬರು ನಿಂತರೆ ಮೂರನೆಯವರು ಹೊರಗೆ. ಅಜ್ಜ ಮೊದಲು ನನ್ನ ಹೆಸರೇ ಕೇಳಲಿಲ್ಲ! ಊರು ಯಾವುದು, ಅಲ್ಲಿ ಏನು ಬೆಳೆಯುತ್ತದೆ, ಯಾವ ಕಾಲದಲ್ಲಿ ಹುಟ್ಟಿದ್ದು, ಇಷ್ಟೇ. ಶೃಂಗೇರಿ ಹತ್ತಿರ, ಮಳೆ, ಅಡಿಕೆ ಅಂದೆ. ಮಳೆಗೆ ಶಿಗುರೆ ಅಂತ ಒಂದು ಪದ ಹೇಳಿದರು, ಚಳಿಗಾಲ ಶುರುವಾಗುವಾಗ ಬಂದು ಹೋಗುವ ಸಣ್ಣ ಮಳೆ. ನಾನು ನಕ್ಕೆ. ಆಗುಂಬೆ ಕಡೆ ಮಳೆ ನೋಡಿದವನಿಗೆ ಅದು ಮಳೆಯಾ? ಆಮೇಲೆ ಫೋನಿನಲ್ಲಿ ಅಡಿಕೆ ಮರದ ಫೋಟೊ ತೋರಿಸಿದೆ. ಅಜ್ಜ ಒಂದು ಕ್ಷಣ ನೋಡಿ ‘ಬಿನ್‌ರೋ’ ಅಂದರು. ಜಪಾನಿಯಲ್ಲಿ ಅಡಿಕೆಗೆ ಅದೇ ಪದ. ವಿನ್, ಬಿನ್. ನಾನು ಹುಡುಕದೇ ನನ್ನ ಹೆಸರಿನ ಅರ್ಧ ಅಲ್ಲೇ ಕೂತಿತ್ತು.

ಬರೆದೂ ತೋರಿಸಿದರು. ಎರಡು ಕಾಂಜಿ, ಎರಡಕ್ಕೂ ಎಡಗಡೆ ಮರದ ಗುರುತು, ತೋಟದಲ್ಲಿ ಮರ ಪಕ್ಕ ಪಕ್ಕ ನಿಂತ ಹಾಗೆ. ಮೊದಲನೆಯದರ ಬಲಭಾಗವನ್ನು ಬಿಡಿಸಿ ಬರೆದರೆ ‘ಅತಿಥಿ’. ಮರ ಮತ್ತು ಅತಿಥಿ. ನಮ್ಮೂರಲ್ಲಿ ಮನೆಗೆ ಬಂದವರ ಮುಂದೆ ಎಲೆ-ಅಡಿಕೆ ತಟ್ಟೆ ಇಡುತ್ತಾರೆ ಅಂತ ನನ್ನ ಹರಕು ಜಪಾನಿಯಲ್ಲಿ ಹೇಳಿದೆ, ಅಜ್ಜನಿಗೆ ಖುಷಿಯೋ ಖುಷಿ. ಬಾಶೋ ಅನ್ನುವುದೂ ಒಂದು ಜಾತಿಯ ಬಾಳೆಗಿಡದ ಹೆಸರೇ, ಶಿಷ್ಯರೊಬ್ಬರು ಅವರ ಗುಡಿಸಲ ಪಕ್ಕ ನೆಟ್ಟುಕೊಟ್ಟದ್ದು, ಅದಕ್ಕೂ ಮುಂಚೆ ಅವರ ಹೆಸರು ತೋಸೇಯಿ, ಅಂದರೆ ಹಸಿರು ಪೀಚ್ ಹಣ್ಣು, ಅಂತೆಲ್ಲ ಅವರೇ ಹೇಳಿದರು. ಬಾಳೆ ಇರಬಹುದಾದರೆ ಅಡಿಕೆ ಯಾಕಿರಬಾರದು.

ಎಚ್ಚರಿಕೆಯನ್ನೂ ಕೊಟ್ಟರು, ಅದಕ್ಕೇ ಈ ಅಂಗಡಿ ಇಷ್ಟವಾಗಿದ್ದು. ಸಾಮಾನ್ಯ ಬಳಕೆಗೆ ಅಂತ ಸರ್ಕಾರದ ಪಟ್ಟಿಯಲ್ಲಿ 2,136 ಕಾಂಜಿ ಇವೆ, ಇವೆರಡೂ ಅದರಲ್ಲಿಲ್ಲ. ಮಗುವಿನ ಹೆಸರಾದರೆ ಇಂಥ ಪಟ್ಟಿಗಳ ಕಟ್ಟುಪಾಡು ಇದೆ, ಕಾವ್ಯನಾಮಕ್ಕೆ ಇಲ್ಲ. ಆದರೆ ತುಂಬ ಜನಕ್ಕೆ ಓದಲು ಬರುವುದಿಲ್ಲ, ಪಕ್ಕದಲ್ಲಿ ಉಚ್ಚಾರಣೆ ಬರೆಯಬೇಕಾಗುತ್ತದೆ, ಪರವಾಗಿಲ್ವಾ ಅಂತ ಎರಡು ಸಲ ಕೇಳಿದರು. ಇನ್ನೊಂದು ತೊಂದರೆ ಅವರು ಹೇಳಲಿಲ್ಲ, ಕೂಟದಲ್ಲಿ ಗೊತ್ತಾಯಿತು. ಸ್ವಲ್ಪ ತೊದಲಿದರೂ ಬಿನ್‌ರೋ ‘ಬಿನ್‌ಬೋ’ ಥರ ಕೇಳಿಸುತ್ತದೆ. ಬಿನ್‌ಬೋ ಅಂದರೆ ದರಿದ್ರ. ತಿಂಗಳ ಕೊನೆಯಲ್ಲಿ ಅದೂ ಸರಿಯೇ.

ಸೀಲು ಮೆತ್ತನೆ ಕಲ್ಲಿನದು, 18 ಮಿಲಿಮೀಟರ್ ಚೌಕ, 14,000 ಯೆನ್. ಕಾವ್ಯನಾಮದ ಸೀಲಿನಲ್ಲಿ ಅಕ್ಷರ ಕೆಂಪಾಗಿ ಮೂಡಬೇಕು, ನಿಜವಾದ ಹೆಸರಿನದಾದರೆ ಕೆಂಪಿನ ನಡುವೆ ಅಕ್ಷರ ಬಿಳಿಯಾಗಿ ಉಳಿಯಬೇಕು ಅನ್ನುವ ವಾಡಿಕೆಯೂ ಅಜ್ಜನಿಂದಲೇ ಗೊತ್ತಾಗಿದ್ದು. ಸೀಲಿಗೆ ಬಳಸುವ ಹಳೇ ಲಿಪಿಯಲ್ಲಿ ಮರದ ಗುರುತಿಗೆ ಮೇಲೆ ಕೊಂಬೆ, ಕೆಳಗೆ ಬೇರು ಬರುತ್ತದೆ. ಅಡಿಕೆ ಮರಕ್ಕೆ ಎಲ್ಲಿಯ ಕೊಂಬೆ ಅಂತ ತಕರಾರು ತೆಗೆಯಬಹುದಿತ್ತು, ಸುಮ್ನೆ ಇದ್ದೆ. ಕೆತ್ತುವ ಮುಂಚೆ ಕಾಗದದ ಮೇಲೆ ಮೂರು ನಮೂನೆ ಬರೆದು ತೋರಿಸಿದರು. ಕಷ್ಟದ ಅಕ್ಷರ, ಗೀಟಿನ ಮೇಲೆ ಗೀಟು, ಆದರೂ ಒತ್ತಿದಾಗ ಒಂದೂ ಮೆತ್ತಿಕೊಳ್ಳುವುದಿಲ್ಲ.

ಬೇಸರದ ವಿಷಯಗಳೂ ಇವೆ. ಕಾರ್ಡ್ ನಡೆಯುವುದಿಲ್ಲ, ನಗದೇ ಬೇಕು. ಕೆಂಪು ಮಸಿಯ ಡಬ್ಬಿಗೆ ಬೇರೆ ದುಡ್ಡು, ಅದನ್ನು ಕೊನೆಗೆ ಹೇಳಿದರು. ಮೂರು ವಾರ ಅಂದದ್ದು ಒಂದು ತಿಂಗಳಾಯಿತು. ಜಪಾನಿ ಬಿಟ್ಟು ಬೇರೆ ಮಾತಿಲ್ಲ, ಭಾಷೆ ಬಾರದವರು ಯಾರನ್ನಾದರೂ ಕರೆದುಕೊಂಡು ಹೋಗಿ. ಊರಿನ ಒಂದೆರಡು ಫೋಟೊ ಫೋನಿನಲ್ಲಿ ಇಟ್ಟುಕೊಂಡಿರಿ.

ಆನ್‌ಲೈನಿನವರಿಗೆ ಐದಕ್ಕೆ ಒಂದು, ಅದೂ ಸೀಲಿನ ಡಬ್ಬಿ ಚೆನ್ನಾಗಿದೆ ಅಂತ. ಅಜ್ಜನಿಗೆ ನಾಲ್ಕೂವರೆ, ಮಸಿಗೆ ಅರ್ಧ ಕಡಿತ. ಊರಿಗೆ ಫೋನ್ ಮಾಡಿ ನನ್ನ ಹೊಸ ಹೆಸರು ಅಡಿಕೆ ಅಂದಾಗ ಅಮ್ಮ, ‘ಅದನ್ನ ಇಟ್ಕೊಳ್ಳೋಕೆ ಜಪಾನಿಗೆ ಹೋಗ್ಬೇಕಿತ್ತೇನೋ’ ಅಂದರು. ಸೀಲು ಬಂದು ಮೂರು ತಿಂಗಳಾಯಿತು, ಕೂಟದಲ್ಲಿ ‘ಬಿನ್‌ರೋ’ ಅಂತ ಜೋರಾಗಿ ಹೇಳುವ ಅವಕಾಶ ಎರಡೇ ಸಲ ಸಿಕ್ಕಿದೆ. ಅದು ಸೀಲಿನ ತಪ್ಪಲ್ಲ ಬಿಡಿ.