ಟ್ಯೂಷನ್, ಆ್ಯಪ್, ವೈಟ್‌ಬೋರ್ಡ್: ಚಿತ್ರ ಬಿಡಿಸುವ ಮಗನಿಗೆ ಯಾವುದು ಒಗ್ಗಿತು?

ನನ್ನ ಓಟು ಗೋಡೆಗೆ ತೂಗುಹಾಕಿದ ವೈಟ್‌ಬೋರ್ಡಿಗೆ. ಮಗ ಆರನೇ ಕ್ಲಾಸ್. ಯಕ್ಷಗಾನ ನೋಡಿ ಬಂದರೆ ಬಣ್ಣದ ವೇಷದ ಮುಖವರ್ಣಿಕೆಯನ್ನು ಮರುದಿನ ನೆನಪಿನಿಂದಲೇ ಬಿಡಿಸುತ್ತಾನೆ. ಸಮಾಜ ಪಾಠದ ಒಂದು ಪುಟ ಓದಲು ಮಾತ್ರ ಒದ್ದಾಡುತ್ತಾನೆ.

ಮಂಗಳೂರಿನ ಬಿಜೈಯಲ್ಲಿ ಮನೆ ಹತ್ತಿರದ ಟ್ಯೂಷನ್ನಿಗೆ ಹಾಕಿದ್ದೆವು. ಶಾಲೆಯಲ್ಲಿ ಆಗದ್ದನ್ನೇ ಸಂಜೆ ಇನ್ನೊಮ್ಮೆ ಮಾಡಿಸಿದರು: ನೋಡಿ ಬರೆ, ಬಾಯಿಪಾಠ ಮಾಡು. ಲೆಕ್ಕಕ್ಕೆ ಸ್ವಲ್ಪ ಉಪಯೋಗ ಆಯ್ತು, ಅಷ್ಟೇ.

ಆ್ಯಪಿನ ವಿಡಿಯೋಗಳು ನಿಜಕ್ಕೂ ಚೆನ್ನಾಗಿದ್ದವು. ಅವನು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ತೊಂದರೆ ಶುರುವಾಗಿದ್ದು ಪಾಠದ ಕೊನೆಯ ಟೆಸ್ಟಿನಲ್ಲಿ. ಪ್ರತಿ ಪ್ರಶ್ನೆಯ ಮೇಲೆ ಟೈಮರ್ ಓಡುತ್ತದೆ. ‘ಸಸ್ಯಗಳು ಆಹಾರ ತಯಾರಿಸುವಾಗ ಹೊರಬಿಡುವ ಅನಿಲ ಯಾವುದು?’ ಉತ್ತರ ಅವನಿಗೆ ಗೊತ್ತು. ಆದರೆ ಪ್ರಶ್ನೆ ಓದಿ ಮುಗಿಸುವಷ್ಟರಲ್ಲಿ ಸಮಯ ಮುಗಿದು, ‘ತಪ್ಪು’ ಅಂತ ಬೀಳುತ್ತದೆ. ನಾನು ಪಕ್ಕದಲ್ಲಿ ಕೂತು ಅದೇ ಪ್ರಶ್ನೆಯನ್ನು ಓದಿ ಹೇಳಿದರೆ ತಕ್ಷಣ ‘ಆಮ್ಲಜನಕ’ ಅನ್ನುತ್ತಾನೆ.

ಬರಬರುತ್ತಾ ಪ್ರಶ್ನೆ ಓದುವುದನ್ನೇ ಬಿಟ್ಟ. ಸುಮ್ನೆ ಯಾವುದಾದರೂ ಒಂದನ್ನು ಒತ್ತುತ್ತಿದ್ದ. ನನ್ನ ಮೊಬೈಲಿಗೆ ವರದಿ ಬರುತ್ತಿತ್ತು: ‘ವಿಜ್ಞಾನದಲ್ಲಿ ಹಿಂದೆ’. ವಿಜ್ಞಾನದಲ್ಲಲ್ಲ ಸ್ವಾಮಿ, ಓದುವ ವೇಗದಲ್ಲಿ! ಟೈಮರ್ ನಿಲ್ಲಿಸುವ ದಾರಿ ಸೆಟ್ಟಿಂಗ್ಸ್‌ನಲ್ಲಿ ಎಲ್ಲೂ ಸಿಗಲಿಲ್ಲ. ಫೋನ್ ಮಾಡಿ ಕೇಳಿದರೆ, ‘ಬೇರೆ ಮಕ್ಕಳಿಗೆ ತೊಂದರೆ ಇಲ್ಲವಲ್ಲ ಮೇಡಂ’ ಅಂದರು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಬೋರ್ಡ್ ತಂದದ್ದು ಹಂಪನಕಟ್ಟೆಯಿಂದ, ಬಣ್ಣದ ಮಾರ್ಕರುಗಳ ಜೊತೆ. ಟ್ಯೂಷನ್ನಿನ ಒಂದು ತಿಂಗಳ ಫೀಸಿನಷ್ಟೂ ಆಗಲಿಲ್ಲ. ನದಿಗಳ ಪಾಠ ಬಂದಾಗ ಅವನೇ ಘಟ್ಟದಿಂದ ನೇತ್ರಾವತಿಯನ್ನು ಇಳಿಸಿದ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಸೇರಿಸಿದ, ಸಮುದ್ರದ ಹತ್ತಿರ ಒಂದು ದೋಣಿಯನ್ನೂ ಇಟ್ಟ. ಈಗ ಪಾಠವನ್ನು ಬೋರ್ಡಿನ ಮೇಲೆ ಬೆರಳಿಟ್ಟು ಹೇಳುತ್ತಾನೆ.

ಕನ್ನಡಕ್ಕೂ ಇದೇ ಉಪಾಯ. ‘ರಾಷ್ಟ್ರ’ ಬರೆಯುವಾಗ ‘ಷ’ ಕಪ್ಪು, ಕೆಳಗಿನ ‘ಟ’ ಒತ್ತು ಕೆಂಪು, ‘ರ’ ಒತ್ತು ಹಸಿರು. ‘ದ’ ಮತ್ತು ‘ಧ’ ನಡುವಿನ ಆ ಸಣ್ಣ ಗೀಟಿಗೂ ಕೆಂಪು. ಮೊದಲು ಯಾವಾಗಲೂ ಒಂದು ಒತ್ತು ಬಿಟ್ಟುಹೋಗುತ್ತಿತ್ತು. ಈಗ ಅಪರೂಪ.

ಒರೆಸಿದರೆ ಎಲ್ಲ ಹೋಗುತ್ತದೆ, ಹಾಗಾಗಿ ಫೋಟೋ ತೆಗೆದಿಡಿ. ಪರೀಕ್ಷೆಯ ಹಿಂದಿನ ದಿನ ಆ ಫೋಟೋಗಳೇ ಅವನ ರಿವಿಷನ್.

ಸಂಜೆ ನಾನು ಮನೆಯಲ್ಲಿರುತ್ತೇನೆ, ಹಾಗಾಗಿ ನಮಗೆ ಬೋರ್ಡ್ ಸರಿಹೋಯಿತು. ಇಬ್ಬರೂ ತಡವಾಗಿ ಬರುವ ಮನೆಯಾದರೆ, ಮಕ್ಕಳಿಗೆ ಚಿತ್ರ ಬಿಡಿಸಲು ಬಿಡುವ ಟೀಚರನ್ನು ಹುಡುಕುವುದೇ ಒಳ್ಳೆಯದು. ಆದರೆ ಓದುವ ಕಷ್ಟ ಬೋರ್ಡಿನಿಂದ ಪೂರ್ತಿ ಹೋಗುವುದಿಲ್ಲ. ಅದಕ್ಕೆ ಕಲಿಕಾ ನ್ಯೂನತೆಯ (ಡಿಸ್ಲೆಕ್ಸಿಯಾದಂಥ ಓದು-ಬರಹದ ತೊಡಕಿನ) ಪರೀಕ್ಷೆ ಮಾಡಿಸಲೇಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಈ ನ್ಯೂನತೆಯೂ ಸೇರಿದೆ. ಸರ್ಟಿಫಿಕೇಟ್ ಇದ್ದರೆ ಸಿಬಿಎಸ್‌ಇ ಬೋರ್ಡ್ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಜಾಸ್ತಿ ಸಿಗುತ್ತದೆ. ಆ್ಯಪಿನ ಚಂದಾ ಈ ತಿಂಗಳು ಮುಗಿಯುತ್ತದೆ. ಮುಂದಿನ ತಿಂಗಳಿಂದ ಆ ದುಡ್ಡು, ಇಂಥ ಮಕ್ಕಳಿಗೆ ಕಲಿಸಲು ತರಬೇತಿ ಪಡೆದ ಸ್ಪೆಷಲ್ ಎಜುಕೇಟರ್ ಫೀಸಿಗೆ.