ಲೈನಿಗೆ ನಾಲ್ಕು ಸ್ಟಾರ್, ಮನೆಯೊಳಗಿನ ವೈರಿಂಗಿಗೆ ಒಂದೇ

ಸೇವೆ: ಲ್ಯಾಂಡ್‌ಲೈನಿನ ತಾಮ್ರದ ತಂತಿಯ ಮೇಲೆ ಬರುವ ಎಡಿಎಸ್‌ಎಲ್ 2 ಪ್ಲಸ್ ಬ್ರಾಡ್‌ಬ್ಯಾಂಡ್, 8 ಎಂಬಿಪಿಎಸ್ ಪ್ಲಾನ್.
ಜಾಗ: ಮುಂಬೈ, ಮಾಟುಂಗಾ ಪೂರ್ವ, ಲಿಫ್ಟ್ ಇಲ್ಲದ ಹಳೇ ಕಟ್ಟಡ.
ಬಳಕೆ: ಹಲವು ಮಳೆಗಾಲ.

ಫೈಬರ್ ಮನೆಯೊಳಗೇ ಬಂದಿದ್ದರೆ ಇದನ್ನು ಓದಿ ಪ್ರಯೋಜನವಿಲ್ಲ. ಲ್ಯಾಂಡ್‌ಲೈನ್ ಬಿಡಲು ಮನಸ್ಸಿಲ್ಲದ ಮನೆಗಳು, ಗೋಡೆ ಕೊರೆಯಲು ಸೊಸೈಟಿ ಒಪ್ಪದ ಕಟ್ಟಡಗಳು, ಮೀಟರ್ ರೂಮಿನವರೆಗೆ ಫೈಬರ್ ಬಂದು ಮೇಲಿನ ಮಹಡಿಗಳಿಗೆ ಹಳೇ ಫೋನ್ ತಂತಿಯನ್ನೇ ನೆಚ್ಚಿಕೊಂಡ ಕಡೆಗಳು, ಇವುಗಳಿಗಾಗಿ ಬರೆದದ್ದು. ಇಂಥ ಕಡೆ ನೆಟ್ ನಿಧಾನವಾದರೆ ಮೊದಲ ಬೈಗುಳ ಕಂಪನಿಗೇ. ಆದರೆ ಬಾಗಿಲವರೆಗೆ ಸರಿಯಾಗಿ ಬಂದ ಸಿಗ್ನಲ್ ಬಾಗಿಲಿಂದ ಬೆಡ್‌ರೂಮಿಗೆ ಹೋಗುವಷ್ಟರಲ್ಲಿ ಹಾಳಾಗುವುದೇ ಹೆಚ್ಚು. ಸೇವೆಗೆ ಅಂಕ ಕೊಡುವುದಾದರೆ ಬಾಗಿಲ ಹತ್ತಿರದ ಮೊದಲ ಡಬ್ಬಿಯಲ್ಲಿ ಅಳೆದು ಕೊಡಿ. ಮಂಚದ ಪಕ್ಕದ ಸಾಕೆಟ್ಟಿನಲ್ಲಿ ಅಳೆದರೆ ಅದು ಹಿಂದೆಂದೋ ವೈರ್ ಎಳೆದು ಹೋದ ಎಲೆಕ್ಟ್ರಿಷಿಯನ್ನನಿಗೆ ಕೊಟ್ಟ ಅಂಕ.

ಸ್ಪೀಡ್ ಟೆಸ್ಟ್ ಆ್ಯಪ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದು ವೈಫೈ, ಸರ್ವರ್, ಸಂಜೆಯ ದಟ್ಟಣೆ ಎಲ್ಲವನ್ನೂ ಕಲಸಿ ಒಂದೇ ಅಂಕಿ ಕೊಡುತ್ತದೆ. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ಲಿನಿಂದ ಮೋಡೆಮ್ಮಿಗೆ ಜೋಡಿಸಿ, ಬ್ರೌಸರಿನಲ್ಲಿ 192.168.1.1 (ಹೆಚ್ಚಿನ ಮೋಡೆಮ್ಮುಗಳ ಒಳಪುಟದ ವಿಳಾಸ) ತೆರೆದು, ಡಿಎಸ್‌ಎಲ್ ಸ್ಟೇಟಸ್ ಪುಟಕ್ಕೆ ಹೋಗಿ. ಅಲ್ಲಿಂದ ನಾಲ್ಕು ಅಂಕಿ ಬರೆದುಕೊಳ್ಳಿ.

ಒಂದು, ಸಿಂಕ್ ರೇಟ್. ಮೋಡೆಮ್ಮು ಟೆಲಿಫೋನ್ ಎಕ್ಸ್‌ಚೇಂಜಿನ ಉಪಕರಣದ ಜೊತೆ ಒಪ್ಪಿಕೊಂಡ ವೇಗ ಇದು. 8,192 ಕೆಬಿಪಿಎಸ್ ಇದ್ದರೆ ಕೈಗೆ ಸಿಗುವುದು ಸುಮಾರು 7 ಎಂಬಿಪಿಎಸ್. ಉಳಿದದ್ದು ಡೇಟಾ ಹೊರುವ ಪ್ಯಾಕೆಟ್ಟುಗಳ ಖರ್ಚು, ಅದಕ್ಕೆ ದೂರು ಕೊಡಬೇಡಿ. ಎರಡು, ಅಟೆನ್ಯುಯೇಷನ್: ತಂತಿಯ ಉದ್ದಕ್ಕೆ ಸಿಗ್ನಲ್ ಎಷ್ಟು ಸವೆದಿದೆ ಎಂಬ ಲೆಕ್ಕ. ಅರ್ಧ ಮಿಲಿಮೀಟರಿನ ತಂತಿಯಲ್ಲಿ ಕಿಲೋಮೀಟರಿಗೆ 13ರಿಂದ 14 ಡಿಬಿ (ಡೆಸಿಬೆಲ್) ಎಂದು ಹಿಡಿಯಬಹುದು. 27 ಡಿಬಿ ಕಂಡರೆ ಎಕ್ಸ್‌ಚೇಂಜಿಗೆ ಸುಮಾರು ಎರಡು ಕಿಲೋಮೀಟರ್ ತಂತಿ. ಮೂರು, ಎಸ್‌ಎನ್‌ಆರ್ ಮಾರ್ಜಿನ್: ಗದ್ದಲದ, ಅಂದರೆ ತಂತಿಗೆ ತಗಲುವ ಬೇಡದ ವಿದ್ಯುತ್ ಕರಕರದ, ಮೇಲೆ ಸಿಗ್ನಲ್ಲಿಗೆ ಉಳಿದಿರುವ ಅವಕಾಶ. 6 ಡಿಬಿಗಿಂತ ಕೆಳಗೆ ಲೈನ್ ಕಡಿಯುವ ಭಯ, 10 ದಾಟಿದರೆ ನಿಶ್ಚಿಂತೆ. ನಾಲ್ಕು, ಸಿಆರ್‌ಸಿ ಎರರ್: ದಾರಿಯಲ್ಲಿ ಕೆಟ್ಟು ಬಂದ ಡೇಟಾದ ಎಣಿಕೆ. ಮೋಡೆಮ್ ಆನ್ ಮಾಡಿ ಕಾಲು ಗಂಟೆ ಬಿಟ್ಟು ನೋಡಿ. ಬೆರಳೆಣಿಕೆಯಷ್ಟಿದ್ದರೆ ಪರವಾಗಿಲ್ಲ, ಸಾವಿರಗಟ್ಟಲೆ ಏರುತ್ತಿದ್ದರೆ ಎಲ್ಲೋ ಜಾಯಿಂಟ್ ಸಡಿಲ.

ಈಗ ಮೋಡೆಮ್ಮನ್ನು ಕಿತ್ತು, ಹೊರಗಿನ ಡ್ರಾಪ್ ವೈರ್ ಮನೆಯೊಳಗೆ ಬಂದು ಸೇರುವ ಮೊದಲ ರೋಸೆಟ್ ಡಬ್ಬಿಯ ಹತ್ತಿರ ತನ್ನಿ. ಅಲ್ಲಿಂದ ಒಳಗೆ ಹೋಗುವ ಎಲ್ಲ ತಂತಿಗಳನ್ನು ಸ್ಕ್ರೂ ಬಿಚ್ಚಿ ಬೇರೆ ಮಾಡಿ, ಹೊರಗಿನಿಂದ ಬಂದ ಜೋಡಿಯನ್ನು ಮಾತ್ರ ಉಳಿಸಿ, ಮೋಡೆಮ್ಮಿನ ಚಿಕ್ಕ ಆರ್‌ಜೆ11 ವೈರನ್ನು ನೇರವಾಗಿ ಸಿಕ್ಕಿಸಿ. ಸ್ಪ್ಲಿಟರ್ (ಫೋನಿನ ಧ್ವನಿಯನ್ನೂ ಡೇಟಾವನ್ನೂ ಬೇರೆ ಮಾಡುವ ಡಬ್ಬಿ) ಬೇಡ, ಫೋನ್ ಬೇಡ. ಇಲ್ಲಿ ಬಂದ ಓದು: ಸಿಂಕ್ 8,192, ಮಾರ್ಜಿನ್ 15 ಡಿಬಿ, ಎರರ್ ಸೊನ್ನೆ. ಬೆಡ್‌ರೂಮಿನ ಸಾಕೆಟ್ಟಿನಲ್ಲಿ ಅದೇ ಮೋಡೆಮ್ಮು, ಅದೇ ಹೊತ್ತಿನಲ್ಲಿ: ಸಿಂಕ್ 2,900, ಮಾರ್ಜಿನ್ 6, ಎರರ್ ಎಣಿಸಲಾರದಷ್ಟು. ನಡುವೆ ಇರುವುದು ಇಪ್ಪತ್ತು ಮೀಟರ್ ವೈರು, ಮೂರು ಡಬ್ಬಿ. ಮೊದಲ ಡಬ್ಬಿಯಲ್ಲೂ ಅಂಕಿ ಕೆಟ್ಟದಾಗಿದ್ದರೆ ಮಾತ್ರ ತಪ್ಪು ಹೊರಗಿನದು. ಆಗ ಒಳಗೆ ಕೈ ಹಾಕುವುದು ವ್ಯರ್ಥ.

ಡಬ್ಬಿ ತೆರೆಯುವ ಮುನ್ನ ಎರಡು ಮಾತು. ಫೋನ್ ಲೈನಿನಲ್ಲಿ ಸದಾ 48 ವೋಲ್ಟ್ ಡಿಸಿ ಇರುತ್ತದೆ, ಒಣ ಕೈಗೆ ಅದು ಸಾಮಾನ್ಯವಾಗಿ ಗೊತ್ತಾಗುವುದೂ ಇಲ್ಲ. ಆದರೆ ಆ ಹೊತ್ತಿಗೇ ಯಾರಾದರೂ ಕರೆ ಮಾಡಿದರೆ ರಿಂಗಿನ 75 ವೋಲ್ಟ್ ಆಸುಪಾಸಿನ ಎಸಿ ಬರುತ್ತದೆ. ಏಣಿಯ ಮೇಲೆ ನಿಂತವರನ್ನು ಬೀಳಿಸಲು ಅಷ್ಟು ಸಾಕು. ಗುಡುಗು ಮಿಂಚಿನ ದಿನ ಈ ಕೆಲಸ ಬೇಡವೇ ಬೇಡ.

ಮುಚ್ಚಳ ತೆಗೆದರೆ ಈ ಊರಿನ ಹವೆಯ ಕೈವಾಡ ಕಣ್ಣಿಗೇ ಕಾಣುತ್ತದೆ. ನಾಲ್ಕು ಸ್ಕ್ರೂಗಳಲ್ಲಿ ಎರಡು ತುಕ್ಕು ಹಿಡಿದು ಕಂದು, ಉಳಿದೆರಡರ ಸುತ್ತ ಹಸಿರು ಕಿಲುಬು. ಕೆಂಪು ತಂತಿಯ ಪ್ಲಾಸ್ಟಿಕ್ ಸಿಪ್ಪೆ ಸ್ಕ್ರೂವಿನ ಕೆಳಗೇ ಸಿಕ್ಕಿಕೊಂಡು ತಾಮ್ರ ಅರ್ಧ ಮಾತ್ರ ತಾಗಿದೆ. ಸಾಕೆಟ್ಟಿನ ನಡುವಿನ ಎರಡು ಚಿನ್ನದ ಬಣ್ಣದ ತಂತಿಗಳ ಮೇಲೆ ಬಿಳಿ ಪದರ: ಗೋಡೆಗೆ ಬಣ್ಣ ಬಳಿಯುವಾಗ ಪೇಂಟರ್ ಸಾಕೆಟ್ಟಿಗೂ ಒಂದು ಕೈ ಹೊಡೆದಿದ್ದಾನೆ. ಮಾತಾಡಲು ಇಷ್ಟು ಸಾಕು. ಧ್ವನಿ ಬೇಡುವುದು 3,400 ಹರ್ಟ್ಸ್ ತನಕ ಮಾತ್ರ. ಎಡಿಎಸ್‌ಎಲ್ 2 ಪ್ಲಸ್ ಅದೇ ತಂತಿಯಲ್ಲಿ 22 ಲಕ್ಷ ಹರ್ಟ್ಸ್ ತನಕ ಏರುತ್ತದೆ. ಹಾಗಾಗಿ "ಫೋನ್ ಚೆನ್ನಾಗಿದೆಯಲ್ಲ, ಲೈನ್ ಸರಿ ಇದೆ" ಎಂಬ ವಾದಕ್ಕೆ ಅರ್ಥವಿಲ್ಲ.

ಕಿಲುಬಿಗೆ ಇನ್ನೊಂದು ಗುಣವಿದೆ. ಫೋನ್ ಎತ್ತಿದಾಗ ಲೈನಿನಲ್ಲಿ 20 ಮಿಲಿಆಂಪ್‌ಗಿಂತ ಹೆಚ್ಚು ಕರೆಂಟ್ ಹರಿದು ಆ ಪೊರೆಯನ್ನು ತಾತ್ಕಾಲಿಕವಾಗಿ ಒಡೆಯುತ್ತದೆ. ನೆಟ್ ಸ್ವಲ್ಪ ಹೊತ್ತು ಚುರುಕಾಗುತ್ತದೆ. ಫೋನ್ ಇಟ್ಟ ಮೇಲೆ ಮತ್ತೆ ನಿಧಾನ. "ಮಾತಾಡಿದ ಮೇಲೆ ನೆಟ್ ಸರಿಹೋಗುತ್ತದೆ" ಎಂದು ಯಾರಾದರೂ ಹೇಳಿದರೆ ನಗಬೇಡಿ, ಕಿಲುಬು ಹಿಡಿದ ಜಾಯಿಂಟಿನ ಗುರುತೇ ಅದು. ಡಯಲ್ ಟೋನ್ ಇಲ್ಲ, ಆದರೆ ನೆಟ್ ಕುಂಟುತ್ತಾ ನಡೆಯುತ್ತಿದೆ ಅಂದರೆ ಜೋಡಿಯಲ್ಲಿ ಒಂದು ತಂತಿ ಕಡಿದಿದೆ. ಧ್ವನಿಯ ಡಿಸಿ ದಾಟಲಾರದ ಬಿರುಕನ್ನು ಹೈ ಫ್ರೀಕ್ವೆನ್ಸಿ ಅಷ್ಟಿಷ್ಟು ಹಾರಿ ದಾಟುತ್ತದೆ.

ದೊಡ್ಡ ಅಪರಾಧಿ ಮಾತ್ರ ಪ್ಯಾರಲಲ್ ಲೈನು. ಹಾಲಿನಲ್ಲೊಂದು, ಅಡುಗೆಮನೆಯಲ್ಲೊಂದು, ಬೆಡ್‌ರೂಮಿನಲ್ಲೊಂದು ಫೋನ್ ಇದ್ದ ಕಾಲದ ವೈರುಗಳು ಈಗಲೂ ಅದೇ ಸ್ಕ್ರೂಗಳಿಗೆ ಕಟ್ಟಿಕೊಂಡಿವೆ, ಆಚೆ ತುದಿಯಲ್ಲಿ ಫೋನೇ ಇಲ್ಲ. ತುದಿ ತೆರೆದ ಈ ಕವಲಿನೊಳಗೆ ಹೊಕ್ಕ ಸಿಗ್ನಲ್, ಬಾವಿಯಲ್ಲಿ ಕೂಗಿದ ದನಿಯಂತೆ, ವಾಪಸು ಬಂದು ಮೂಲ ಸಿಗ್ನಲ್ಲಿಗೇ ಡಿಕ್ಕಿ ಹೊಡೆಯುತ್ತದೆ. ಲೆಕ್ಕ ಸುಲಭ. ತಂತಿಯಲ್ಲಿ ಸಿಗ್ನಲ್ ಸೆಕೆಂಡಿಗೆ ಸುಮಾರು 20 ಕೋಟಿ ಮೀಟರ್ ಓಡುತ್ತದೆ. ಅದನ್ನು ಕವಲಿನ ಉದ್ದದ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಯಾವ ಫ್ರೀಕ್ವೆನ್ಸಿಯಲ್ಲಿ ಹೊಂಡ ಬೀಳುತ್ತದೆ, ಅಂದರೆ ಸಿಗ್ನಲ್ ಕುಸಿಯುತ್ತದೆ, ಎಂದು ಸಿಗುತ್ತದೆ. 50 ಮೀಟರ್ ಕವಲಿಗೆ 1 ಮೆಗಾಹರ್ಟ್ಸ್, 25 ಮೀಟರಿಗೆ 2 ಮೆಗಾಹರ್ಟ್ಸ್. ಎರಡೂ ಎಡಿಎಸ್‌ಎಲ್ 2 ಪ್ಲಸ್ ಓಡುವ ಪಟ್ಟಿಯ ಒಳಗೇ. 10 ಮೀಟರಿನದಾದರೆ 5 ಮೆಗಾಹರ್ಟ್ಸ್, ಎಡಿಎಸ್‌ಎಲ್‌ಗೆ ತೊಂದರೆ ಕಡಿಮೆ. ಆದರೆ ಮೀಟರ್ ರೂಮಿನಿಂದ ವಿಡಿಎಸ್‌ಎಲ್ 2 (ಫೋನ್ ತಂತಿಯಲ್ಲೇ ಇನ್ನೂ ವೇಗವಾಗಿ ಬರುವ ಬ್ರಾಡ್‌ಬ್ಯಾಂಡ್) ಬರುವ ಕಟ್ಟಡದಲ್ಲಿ ಆ ಚೋಟುದ್ದದ ಕವಲೂ ಹೊಡೆತವೇ; ಅದು 17 ಮೆಗಾಹರ್ಟ್ಸ್ ತನಕವೂ ಹೋಗಬಲ್ಲದು.

ಹೊಂಡ ಬಿದ್ದರೆ ಎಷ್ಟು ನಷ್ಟ? ಎಡಿಎಸ್‌ಎಲ್ 2 ಪ್ಲಸ್ ತನ್ನ ಜಾಗವನ್ನು 4.3125 ಕಿಲೋಹರ್ಟ್ಸ್ ಅಗಲದ 512 ತುಂಡುಗಳಾಗಿ ಕತ್ತರಿಸುತ್ತದೆ. ಸೆಕೆಂಡಿಗೆ 4,000 ಸಲ ಪ್ರತಿ ತುಂಡಿನ ಮೇಲೂ ಕೆಲವು ಬಿಟ್ ಹೇರುತ್ತದೆ. ಗದ್ದಲ 3 ಡಿಬಿ ಏರಿದರೆ, ಇಲ್ಲವೇ ಸಿಗ್ನಲ್ ಅಷ್ಟೇ ಇಳಿದರೆ, ತುಂಡಿಗೆ ಒಂದು ಬಿಟ್ ಕಡಿಮೆ. ನೂರು ತುಂಡುಗಳಲ್ಲಿ ಒಂದೊಂದೇ ಬಿಟ್ ಹೋದರೂ 400 ಕೆಬಿಪಿಎಸ್ ಮಾಯ. ಹೊಂಡದ ತಳದಲ್ಲಿ ಹೋಗುವುದು ಒಂದು ಬಿಟ್ಟಲ್ಲ, ಇರುವುದೆಲ್ಲವೂ.

ವೈರಿನ ಜಾತಿಯೂ ಮುಖ್ಯ. ಸ್ಕರ್ಟಿಂಗಿನ ಮೇಲೆ ಮೊಳೆ ಹೊಡೆದು ಓಡಿಸಿರುವ ಚಪ್ಪಟೆ ಬಿಳಿ ವೈರಿನಲ್ಲಿ ಎರಡು ತಂತಿ ಅಕ್ಕಪಕ್ಕ ಮಲಗಿವೆ, ಹೆಣೆದುಕೊಂಡಿಲ್ಲ. ಹೆಣೆದ ಜೋಡಿಯಲ್ಲಿ ಹೊರಗಿನ ಗದ್ದಲ ಎರಡಕ್ಕೂ ಸಮನಾಗಿ ತಗಲಿ ರದ್ದಾಗುತ್ತದೆ, ಚಪ್ಪಟೆ ವೈರು ಆ್ಯಂಟೆನಾ ಆಗುತ್ತದೆ. ಮೀಡಿಯಂ ವೇವ್ ರೇಡಿಯೋದ 531ರಿಂದ 1,602 ಕಿಲೋಹರ್ಟ್ಸ್ ಪೂರ್ತಿ ಎಡಿಎಸ್‌ಎಲ್‌ನ ದಾರಿಯಲ್ಲೇ ಇದೆ. ಅಟ್ಟದ ಮೇಲಿನ ಹಳೇ ಟ್ರಾನ್ಸಿಸ್ಟರ್ ಇಲ್ಲಿ ಒಳ್ಳೇ ಉಪಕರಣ: ಸ್ಟೇಷನ್ ಸಿಗದ ಕಡೆ ಮುಳ್ಳು ನಿಲ್ಲಿಸಿ, ವೈರಿನ ಉದ್ದಕ್ಕೂ ಹಿಡಿದು ನಡೆಯಿರಿ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಅಗ್ಗದ ಎಲ್‌ಇಡಿ ಬಲ್ಬು, ಇನ್ವರ್ಟರ್ ಹತ್ತಿರ ಕರಕರ ಜೋರಾದರೆ ವೈರನ್ನು ಅಲ್ಲಿಂದ ಒಂದಡಿಯಾದರೂ ದೂರ ಸರಿಸಿ. ಲೈಟಿನ ವೈರಿನ ಕಾನ್ಸೀಲ್ಡ್ ಪೈಪಿನೊಳಗೇ ಫೋನ್ ವೈರ್ ತೂರಿಸಿದ್ದರೆ ಅದು ಅಪಾಯ ಕೂಡ. ಅದನ್ನು ಅಲ್ಲೇ ಸತ್ತಂತೆ ಬಿಟ್ಟು ಹೊಸದು ಎಳೆಯಿರಿ.

ಮಲ್ಟಿಮೀಟರ್ ಇದ್ದರೆ ಊಹೆ ಬೇಕಿಲ್ಲ. ಒಳವೈರಿನ ಎರಡೂ ತುದಿ ಬಿಡಿಸಿ. 48 ವೋಲ್ಟ್ ಇರುವ ಲೈನಿನ ಮೇಲೆ ಓಮ್ ಅಳೆದರೆ ಮೀಟರಿಗೇ ಕೇಡು. ಆಚೆ ತುದಿಯ ಎರಡು ತಂತಿ ಒಟ್ಟಿಗೆ ತಿರುಚಿ, ಈಚೆ ತುದಿಯಲ್ಲಿ ಅಳೆಯಿರಿ. 0.5 ಮಿಲಿಮೀಟರ್ ತಾಮ್ರ, 20 ಮೀಟರ್ ಓಟಕ್ಕೆ ಮೂರೂವರೆ ಓಮ್ ಬರಬೇಕು. ಹದಿನೈದೋ ನಲವತ್ತೋ ಕಂಡರೆ, ಅದರಲ್ಲೂ ವೈರ್ ಅಲ್ಲಾಡಿಸಿದಾಗ ಅಂಕಿ ಕುಣಿದರೆ, ನಡುವೆ ಕಾಣದ ಜಾಯಿಂಟ್ ಇದೆ, ಟೇಪ್ ಸುತ್ತಿ ಮುಚ್ಚಿದ್ದಾರೆ. ಆಮೇಲೆ ತುದಿ ಬಿಡಿಸಿ ದೊಡ್ಡ ಮೆಗಾಓಮ್ ರೇಂಜಿನಲ್ಲಿ ನೋಡಿ. ಮೀಟರ್ ಏನೂ ತೋರಿಸಬಾರದು. ಏನಾದರೂ ತೋರಿಸಿದರೆ ಗೋಡೆಯ ತೇವ ಒಳಗೆ ಇಳಿದಿದೆ. ಜುಲೈಯಲ್ಲಿ ಕೆಟ್ಟು ನವೆಂಬರಿನಲ್ಲಿ ತಾನೇ ಸರಿಹೋಗುವ ನೆಟ್ಟಿನ ಗುಟ್ಟು ಇದೇ.

ರಿಪೇರಿಗೆ ಬೇಕಾದ ಸಾಮಾನೆಲ್ಲ ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಒಂದೇ ಅಂಗಡಿಯಲ್ಲಿ ಸಿಗುತ್ತದೆ: ಹೊಸ ರೋಸೆಟ್ ಒಂದು, ಮೂರು ಪೋರ್ಟಿನ ಸ್ಪ್ಲಿಟರ್ ಒಂದು, ಅಳತೆಗೆ ತಕ್ಕಷ್ಟು ಕ್ಯಾಟ್5ಇ ಕೇಬಲ್ (ಹೆಣೆದ ನಾಲ್ಕು ಜೋಡಿಯ ಲ್ಯಾನ್ ಕೇಬಲ್), ತಂತಿ ತುದಿ ಸೇರಿಸಲು ಜೆಲ್ಲಿ ತುಂಬಿದ ಯುವೈ ಕನೆಕ್ಟರ್ ಅರ್ಧ ಡಜನ್. ಕೇಬಲ್ ಕೊಳ್ಳುವಾಗ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ: ತಡೆ ಜಾಸ್ತಿ, ಸ್ಕ್ರೂ ಬಿಗಿದರೆ ಪಟ್ಟನೆ ಮುರಿಯುತ್ತದೆ. ಅಂಗಡಿಯವನು "ಸಬ್ ಯಹೀ ಲೇತೇ ಹೈ" (ಎಲ್ಲರೂ ಇದನ್ನೇ ಕೊಳ್ಳುತ್ತಾರೆ) ಎಂದರೂ ಬೇಡ ಅನ್ನಿ.

ಜೋಡಣೆ ಹೀಗೆ. ಡ್ರಾಪ್ ವೈರು ಹೊಸ ರೋಸೆಟ್ಟಿಗೆ, ಹಳೇ ತುದಿಯನ್ನು ಎರಡು ಇಂಚು ಕತ್ತರಿಸಿ ಹೊಳೆಯುವ ತಾಮ್ರ ಬರುವತನಕ ಸುಲಿದು. ರೋಸೆಟ್ಟಿನಿಂದ ಸ್ಪ್ಲಿಟರಿನ 'ಲೈನ್' ಬಾಯಿಗೆ. 'ಮೋಡೆಮ್' ಬಾಯಿಯಿಂದ ಕ್ಯಾಟ್5ಇಯ ಒಂದೇ ಬಣ್ಣದ ಜೋಡಿ, ಅಂದರೆ ನೀಲಿ ಮತ್ತು ನೀಲಿ-ಬಿಳಿ, ನಡುವೆ ಎಲ್ಲೂ ಕಡಿಯದೆ ಮೋಡೆಮ್ಮಿನವರೆಗೆ. ನೀಲಿ ಒಂದು, ಕಿತ್ತಳೆ ಒಂದು ಎಂದು ಬೆರೆಸಿದರೆ ಹೆಣಿಗೆಯ ಲಾಭವೆಲ್ಲ ಹೋಯಿತು. ಹಳೇ ಪ್ಯಾರಲಲ್ ವೈರುಗಳು ಬೇಕೇ ಬೇಕು ಎಂದಿದ್ದರೆ ಅವೆಲ್ಲ 'ಫೋನ್' ಬಾಯಿಯ ಹಿಂದೆ ಮಾತ್ರ. ಆಗ ಸ್ಪ್ಲಿಟರಿನ ಫಿಲ್ಟರ್ ಕವಲುಗಳನ್ನು ಡೇಟಾದಿಂದ ಬೇರೆ ಇಡುತ್ತದೆ. ಲೈನ್ ಮತ್ತು ಫೋನ್ ಬಾಯಿ ಅದಲು ಬದಲಾಗಿರುವ ಮನೆಗಳು ಕಡಿಮೆಯೇನಲ್ಲ. ಫೋನ್ ನಡೆಯುತ್ತದೆ, ನೆಟ್ ಸತ್ತಿರುತ್ತದೆ. ಸ್ಪೈಕ್ ಗಾರ್ಡಿನ ಪಕ್ಕದಲ್ಲಿ ಫೋನ್ ವೈರಿಗೆಂದು ಕೊಟ್ಟಿರುವ ತೂತನ್ನು ಬಳಸಬೇಡಿ, ಒಳಗಿನ ಸರ್ಜ್ ಬಿಡಿಭಾಗಗಳು ಮೇಲಿನ ಫ್ರೀಕ್ವೆನ್ಸಿಯನ್ನು ನುಂಗುತ್ತವೆ.

ಇಷ್ಟೆಲ್ಲ ಬೇಡ ಅನಿಸಿದರೆ ಸೋಮಾರಿಗಳ ದಾರಿಯೇ ಉತ್ತಮ, ನನ್ನ ಓಟೂ ಅದಕ್ಕೇ: ಮೋಡೆಮ್ಮನ್ನು ಬಾಗಿಲ ಹತ್ತಿರ ಮೊದಲ ಡಬ್ಬಿಯ ಪಕ್ಕವೇ ಗೋಡೆಗೆ ಕೂರಿಸಿ, ಒಳಗೆ ಲ್ಯಾನ್ ಕೇಬಲ್ ಎಳೆಯಿರಿ. ಲ್ಯಾನ್ 100 ಮೀಟರ್ ತನಕ ಒಂದು ಬಿಟ್ಟೂ ಬಿಡದೆ ಹೋಗುತ್ತದೆ. ಪಾದರಕ್ಷೆ ಸ್ಟ್ಯಾಂಡಿನ ಮೇಲೆ ಮೋಡೆಮ್ ಚೆನ್ನಾಗಿ ಕಾಣುವುದಿಲ್ಲ ಎಂಬುದು ಬೇರೆ ವಿಷಯ.

ಒಳಗೆಲ್ಲ ಸರಿಯಾದ ಮೇಲೂ ಸಿಂಕ್ ಹಳೇ ಅಂಕಿಗೇ ಅಂಟಿಕೊಂಡು, ಮಾರ್ಜಿನ್ ಮಾತ್ರ 20 ಡಿಬಿ ದಾಟಿದ್ದರೆ, ಪದೇ ಪದೇ ಲೈನ್ ಕಡಿದದ್ದಕ್ಕೆ ಎಕ್ಸ್‌ಚೇಂಜಿನಲ್ಲಿ ಪೋರ್ಟಿನ ಪ್ರೊಫೈಲ್ ಇಳಿಸಿರಬಹುದು. ಏರಿಸಲು ಕೇಳಿ. ಹೊರಗೆ ಕಟ್ಟಡದ ಡಿಪಿ ಬಾಕ್ಸ್ (ಮನೆಮನೆಗೆ ತಂತಿಜೋಡಿ ಹಂಚುವ ಡಬ್ಬಿ), ಬೀದಿಯ ಪಿಲ್ಲರ್ ಪೆಟ್ಟಿಗೆ ಕಂಪನಿಯ ಸೊತ್ತು. ಕೈ ಹಾಕಿದರೆ ನೆರೆಮನೆಯ ಲೈನೂ ಕಡಿಯುತ್ತದೆ. ಲೈನ್‌ಮನ್‌ನನ್ನು "ನೆಟ್ ಸ್ಲೋ ಹೈ" ಎಂದು ಕರೆದರೆ ಮೋಡೆಮ್ ಆಫ್ ಆನ್ ಮಾಡಿ ಹೋಗುತ್ತಾನೆ. "ದಾದಾ, ರೋಸೆಟ್ ಪೇ ಡೈರೆಕ್ಟ್ ಲಗಾಯಾ, ಮಾರ್ಜಿನ್ ಪಾಂಚ್ ಆ ರಹಾ ಹೈ, ಅಂದರ್ ಕಾ ವೈರ್ ಸಬ್ ನಿಕಾಲಾ ಹೈ" (ರೋಸೆಟ್ಟಿಗೇ ನೇರ ಹಾಕಿದೆ, ಮಾರ್ಜಿನ್ ಐದು ಬರುತ್ತಿದೆ, ಒಳವೈರೆಲ್ಲ ತೆಗೆದಿದ್ದೇನೆ) ಎಂದು ಹೇಳಿ, ಬರೆದಿಟ್ಟ ಅಂಕಿ ತೋರಿಸಿ. ಡಿಪಿಯಲ್ಲಿ ಬೇರೆ ಜೋಡಿಗೆ ಬದಲಾಯಿಸುವುದು ಅವನಿಗೆ ಹತ್ತು ನಿಮಿಷದ ಕೆಲಸ, ಖಾಲಿ ಜೋಡಿ ಇದ್ದರೆ.

ಅಂಕ: ಡಿಪಿಯಿಂದ ಬಾಗಿಲವರೆಗಿನ ಲೈನಿಗೆ ಐದರಲ್ಲಿ ನಾಲ್ಕು, ಮಳೆಗಾಲದ ಮೊದಲ ವಾರದ ಕಿರಿಕಿರಿಗೆ ಒಂದು ಕಡಿತ. ಕಂಪನಿ ಕೊಟ್ಟ ಸ್ಪ್ಲಿಟರಿಗೆ ಮೂರು, ಅದರ ಪ್ಲಾಸ್ಟಿಕ್ ಕೊಕ್ಕೆ ಬೇಗ ಮುರಿಯುತ್ತದೆ. ಮನೆಯೊಳಗಿನ ಹಳೇ ವೈರಿಂಗಿಗೆ ಒಂದು, ಅದೂ ಕಿತ್ತು ತೆಗೆಯಲು ಸುಲಭವಾಯಿತು ಎಂಬ ಕಾರಣಕ್ಕೆ.